ಆಡಿದ ಮಾತು ತಿರುಗಿ ಬಂದರೆ

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆ ಹುಟ್ಟಿದ ಕಾಲದಲ್ಲಿ ದೂರವಾಣಿ ಇರಲಿಲ್ಲ. ಇದ್ದಿದ್ದರೆ ಗಾದೆಯ ಮೊದಲ ಅರ್ಧವನ್ನಾದರೂ ತಿದ್ದಬೇಕಾಗುತ್ತಿತ್ತು. ಹೊರದೇಶಕ್ಕೆ ಫೋನು ಮಾಡಿದ ಹಿಂದಿನ ತಲೆಮಾರಿನವರನ್ನು ಕೇಳಿ ನೋಡಿ. ಎಷ್ಟೋ ಸಲ ಆಡಿದ ಮಾತು ಹೋಗಿಬಿಡುತ್ತಿರಲಿಲ್ಲ. ಅರ್ಧ ಸೆಕೆಂಡು ಎಲ್ಲೋ ಸುತ್ತಾಡಿ ಆಡಿದವರ ಕಿವಿಗೇ ವಾಪಸು ಬರುತ್ತಿತ್ತು.

ಹೊನ್ನಾಳಿ, ನ್ಯಾಮತಿ ಕಡೆಯ ಗೋವಿನಕೋವಿಯಂಥ ಊರಿನ ಒಂದು ಮನೆಯನ್ನು ಊಹಿಸಿಕೊಳ್ಳಿ. ಕಾಲ 1990ರ ದಶಕದ ಮೊದಲ ಭಾಗ. ಮಗ ಓದಿ ಅಮೆರಿಕ ಸೇರಿದ್ದಾನೆ. ಮನೆಯಲ್ಲಿ ಫೋನಿಲ್ಲ, ಪಕ್ಕದವರ ಮನೆಯಲ್ಲಿದೆ. ಭಾನುವಾರ ಬೆಳಿಗ್ಗೆ, ಅಲ್ಲಿಗೆ ಶನಿವಾರ ರಾತ್ರಿ, ಫೋನು ಬರುತ್ತದೆ. ತಾಯಿ ಸೆರಗಿನಲ್ಲಿ ಕೈ ಒರೆಸಿಕೊಂಡು ಓಡಿ ಬರುತ್ತಾಳೆ. ಆ ಕಡೆಯಿಂದ "ಅವ್ವಾ, ಹೆಂಗಿದೀಯ?" ಎಂಬ ದನಿ. ಅಷ್ಟು ಹೇಳಿ ಮಗ ತಡವರಿಸುತ್ತಾನೆ. ಏಕೆಂದರೆ ಅವನ ಕಿವಿಯಲ್ಲಿ ಯಾರೋ "ಅವ್ವಾ, ಹೆಂಗಿದೀಯ?" ಎಂದು ಅವನನ್ನೇ ಕೇಳುತ್ತಿದ್ದಾರೆ. "ನಂಗೆ ನನ್ನ ಮಾತೇ ಕೇಳ್ತೈತೆ" ಎನ್ನುತ್ತಾನೆ. ಅದೂ ತಿರುಗಿ ಬರುತ್ತದೆ. ತಾಯಿಗೆ ಅರ್ಥವಾಗುವುದಿಲ್ಲ. "ನಂಗೆ ಚೆನ್ನಾಗೇ ಕೇಳ್ತೈತಪ್ಪ, ಮಾತಾಡು, ಯಾಕೆ ಸುಮ್ಕಾದೆ?" ಎನ್ನುತ್ತಾಳೆ. ನಿಮಿಷಕ್ಕಿಷ್ಟು ಎಂದು ದುಡ್ಡು ಓಡುತ್ತಿದೆ. ಪಕ್ಕದ ಮನೆಯ ಯಜಮಾನರು ಹತ್ತಿರ ಬಂದು, ನಮ್ಮ ಫೋನು ಸರಿಯಾಗೇ ಇದೆ, ಅಮೆರಿಕದ ಫೋನೇ ಕೆಟ್ಟಿರಬೇಕು ಎಂದು ತೀರ್ಪು ಕೊಡುತ್ತಾರೆ.

ತೀರ್ಪು ನ್ಯಾಯವಾಗಿ ಕಾಣುತ್ತದೆ, ಆದರೆ ತಪ್ಪು. ಫೋನಿನಲ್ಲಿ ಯಾರಿಗೆ ತಮ್ಮ ಮಾತು ತಮಗೇ ಕೇಳುತ್ತದೆಯೋ ಅವರ ಕಡೆ ದೋಷವಿರುವುದು ಅಪರೂಪ. ದೋಷ ಎದುರಿನವರ ಕಡೆ ಇರುತ್ತದೆ. ಮಗನ ದನಿ ಸಾಗರ ದಾಟಿ, ಬೆಂಗಳೂರು ದಾಟಿ, ಊರಿನ ಎಕ್ಸ್‌ಚೇಂಜಿನವರೆಗೆ ನೆಟ್ಟಗೆ ಬಂದಿದೆ. ಅಲ್ಲಿಂದ ತಾಯಿಯ ಕಿವಿಗೆ ಹೋಗುವ ಕಡೆಯ ತುಂಡು ದಾರಿಯಲ್ಲಿ ಅದರ ಒಂದು ಪಾಲು ಹಿಮ್ಮುಖವಾಗಿ ತಿರುಗಿ ಮತ್ತೆ ಅಮೆರಿಕದ ದಾರಿ ಹಿಡಿದಿದೆ. ತೊಂದರೆಯ ಮೂಲ ಇರುವಲ್ಲಿ ತೊಂದರೆಯ ಸುಳಿವೇ ಇಲ್ಲ!

ಪ್ರತಿಧ್ವನಿ ಎಂದೊಡನೆ ವಿದ್ಯಾರ್ಥಿಗಳಿಗೆ ನೆನಪಾಗುವುದು ವಿಜಯಪುರದ ಗೋಳಗುಮ್ಮಟ. ಪಿಸುಮಾತಿನ ಗ್ಯಾಲರಿಯಲ್ಲಿ ನಿಂತು ಚಪ್ಪಾಳೆ ತಟ್ಟಿ ಎಷ್ಟು ಸಲ ಕೇಳಿತು ಎಂದು ಎಣಿಸದೆ ಶಾಲಾ ಪ್ರವಾಸ ಮುಗಿಯುವುದಿಲ್ಲ. ಪಠ್ಯಪುಸ್ತಕದ ಲೆಕ್ಕವೂ ಎಲ್ಲರಿಗೂ ಬಾಯಿಪಾಠ: ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 344 ಮೀಟರ್, ಎರಡು ಸದ್ದುಗಳನ್ನು ಕಿವಿ ಬೇರೆ ಬೇರೆಯಾಗಿ ಗುರುತಿಸಬೇಕಾದರೆ ನಡುವೆ ಸೆಕೆಂಡಿನ ಹತ್ತನೇ ಒಂದು ಭಾಗ ಬೇಕು, ಆದ್ದರಿಂದ ಗೋಡೆ ಕನಿಷ್ಠ 17.2 ಮೀಟರ್ ದೂರವಿರಬೇಕು. ಪರೀಕ್ಷೆಗೆ ಇಷ್ಟು ಸಾಕು. ಆದರೆ ಫೋನಿನ ತಂತಿಯಲ್ಲಿ ಗೋಡೆ ಎಲ್ಲಿಂದ ಬಂತು?

ಗೋಡೆ ಇದೆ. ಮನೆಯಿಂದ ಎಕ್ಸ್‌ಚೇಂಜಿಗೆ ಹೋಗುವುದು ಎರಡೇ ತಂತಿ. ಹೋಗುವ ಮಾತು, ಬರುವ ಮಾತು ಎರಡೂ ಅದೇ ಜೋಡಿಯಲ್ಲಿ ಓಡಾಡಬೇಕು. ಪ್ರತಿ ಮನೆಗೂ ನಾಲ್ಕು ತಂತಿ ಎಳೆದರೆ ತಾಮ್ರದ ಖರ್ಚು ಎರಡರಷ್ಟಾಗುತ್ತದೆ. ಮುಂದಕ್ಕೆ ದೂರದ ಊರಿಗೆ ಹೋಗುವಾಗ ದನಿ ಸೊರಗುವುದರಿಂದ ದಾರಿಯಲ್ಲಿ ಅದನ್ನು ವರ್ಧಿಸಬೇಕು. ವರ್ಧಕ ಏಕಮುಖ ರಸ್ತೆಯಿದ್ದಂತೆ, ಒಂದೇ ದಿಕ್ಕಿಗೆ ಕೆಲಸ ಮಾಡುತ್ತದೆ. ಹಾಗಾಗಿ ಎಕ್ಸ್‌ಚೇಂಜಿನಿಂದಾಚೆ ಹೋಗುವುದಕ್ಕೊಂದು ದಾರಿ, ಬರುವುದಕ್ಕೊಂದು ದಾರಿ. ಎರಡು ತಂತಿಯ ದಾರಿ ಮತ್ತು ನಾಲ್ಕು ತಂತಿಯ ದಾರಿ ಕೂಡುವ ಕಡೆ ಹೈಬ್ರಿಡ್ ಎಂಬ ಸಾಧನವಿರುತ್ತದೆ. ಕೂಡಲಿಯಲ್ಲಿ ತುಂಗೆ, ಭದ್ರೆ ಸೇರುವಂತೆ ಎಂದು ಹೇಳಬಹುದಿತ್ತು. ಆದರೆ ಹೈಬ್ರಿಡ್ಡಿನ ಕೆಲಸ ಅದಕ್ಕಿಂತ ಕಷ್ಟ: ಸೇರಿದ ನೀರನ್ನು ಮತ್ತೆ ತುಂಗೆ ಯಾವುದು, ಭದ್ರೆ ಯಾವುದು ಎಂದು ಬೇರ್ಪಡಿಸಬೇಕು. ಹೊರಗಿನಿಂದ ಬಂದ ಮಾತು ಮನೆಯ ಕಡೆಗಷ್ಟೇ ಹೋಗಬೇಕು, ಹೊರಹೋಗುವ ದಾರಿಗೆ ಸೋರಬಾರದು.

ಇದಕ್ಕೆ ಹೈಬ್ರಿಡ್ ತಕ್ಕಡಿಯ ಉಪಾಯ ಮಾಡುತ್ತದೆ. ಮನೆಯ ತಂತಿ ವಿದ್ಯುತ್ತಿಗೆ ಎಷ್ಟು ತಡೆ ಒಡ್ಡುತ್ತದೆಯೋ ಅಷ್ಟೇ ತಡೆ ಒಡ್ಡುವ ಒಂದು ಕೃತಕ ತಂತಿಯನ್ನು ಇನ್ನೊಂದು ತಟ್ಟೆಯಲ್ಲಿ ಇಟ್ಟಿರುತ್ತಾರೆ. ಎರಡೂ ಸಮವಾದರೆ ಸೋರಿಕೆ ಸೊನ್ನೆ. ಆದರೆ ಎಕ್ಸ್‌ಚೇಂಜಿನ ಪಕ್ಕದ ಅಂಗಡಿಯ ತಂತಿ ಐವತ್ತು ಮೀಟರ್, ತೋಟದ ಮನೆಯ ತಂತಿ ಮೂರು ಕಿಲೋಮೀಟರ್. ಒಂದರಲ್ಲಿ ಹೊಸ ತಾಮ್ರ, ಇನ್ನೊಂದರಲ್ಲಿ ಮಳೆಗಾಲದಲ್ಲಿ ನೆನೆದ ನಾಲ್ಕು ಜಾಯಿಂಟು. ಎಲ್ಲಕ್ಕೂ ಇಟ್ಟಿರುವುದು ಒಂದೇ ಸರಾಸರಿ ತೂಕದ ಬಟ್ಟು. ತಕ್ಕಡಿ ಸಮವಾಗುವುದು ಎಲ್ಲಿಂದ ಬಂತು? ವಾಲಿದಷ್ಟೂ ಮಾತು ಸೋರಿ ಹಿಂದಕ್ಕೆ ಹರಿಯುತ್ತದೆ. ಕರ್ನಾಟಕದ ಕಿತ್ತೂರಿನಲ್ಲಿ 1986ರ ಜುಲೈಯಲ್ಲಿ ಸಿ-ಡಾಟ್ ಸಂಸ್ಥೆಯ ಮೊದಲ 128 ಪೋರ್ಟುಗಳ ಗ್ರಾಮೀಣ ಡಿಜಿಟಲ್ ಎಕ್ಸ್‌ಚೇಂಜ್ ಕೆಲಸ ಆರಂಭಿಸಿತು. ಹವಾನಿಯಂತ್ರಣದ ಕೊಠಡಿ ಬೇಡ, ಹಳ್ಳಿಯ ಬಿಸಿಲು ಧೂಳನ್ನು ತಡೆದುಕೊಳ್ಳಬಲ್ಲದು ಎಂಬುದು ಅದರ ಹೆಗ್ಗಳಿಕೆ. ಅಲ್ಲಿಂದ ಮುಂದೆ ಹಳ್ಳಿ ಹಳ್ಳಿಗೂ ಡಿಜಿಟಲ್ ಎಕ್ಸ್‌ಚೇಂಜು ಬಂತು. ಆದರೆ ಮನೆಯ ತಂತಿ ಮಾತ್ರ ಅದೇ ಹಳೆಯ ಜೋಡಿ ತಾಮ್ರ. ಆದ್ದರಿಂದ ಹೈಬ್ರಿಡ್ಡೂ ಉಳಿಯಿತು, ಸೋರಿಕೆಯೂ ಉಳಿಯಿತು.

ಹಾಗಾದರೆ ಗೋವಿನಕೋವಿಯಿಂದ ಬೆಂಗಳೂರಿಗೆ ಮಾತನಾಡಿದಾಗ ಏಕೆ ಮಾರ್ದನಿ ಕೇಳುತ್ತಿರಲಿಲ್ಲ? ಸೋರಿಕೆ ಆಗಲೂ ಇತ್ತು, ಆದರೆ ತಡವಿರಲಿಲ್ಲ. ತಂತಿಯಲ್ಲಿ ಸಂಕೇತ ಓಡುವುದು ಸೆಕೆಂಡಿಗೆ ಎರಡು ಲಕ್ಷ ಕಿಲೋಮೀಟರಿನ ಆಸುಪಾಸು ಎಂದಿಟ್ಟುಕೊಳ್ಳಿ. ದೂರ ಮುನ್ನೂರು ಕಿಲೋಮೀಟರ್ ಎಂದರೆ ಹೋಗಿ ಬರಲು ಆರುನೂರು. ಅಂದರೆ 3 ಮಿಲಿಸೆಕೆಂಡು. ಅಷ್ಟರಲ್ಲಿ ತಿರುಗಿ ಬಂದ ದನಿ ಆಡುವ ಮಾತಿನ ಜೊತೆಗೇ ಬೆರೆತುಹೋಗುತ್ತದೆ. ನಿಜ ಹೇಳಬೇಕೆಂದರೆ ಅಷ್ಟಿಷ್ಟು ಬೆರೆಯುವುದು ಒಳ್ಳೆಯದೇ. ತನ್ನ ದನಿ ತನ್ನ ಕಿವಿಯ ರಿಸೀವರಿನಲ್ಲಿ ಸ್ವಲ್ಪವೂ ಕೇಳದಿದ್ದರೆ ಫೋನು ಸತ್ತಿದೆ ಎಂದುಕೊಂಡು ಜನ ಕಿರುಚುತ್ತಾರೆ. ಒಂದು ದಿಕ್ಕಿನ ತಡ 25 ಮಿಲಿಸೆಕೆಂಡು ದಾಟುವ ಸಂಪರ್ಕಗಳಲ್ಲಿ ಮಾತ್ರ ಮಾರ್ದನಿಗೆ ಏನಾದರೂ ಉಪಾಯ ಮಾಡಲೇಬೇಕು ಎಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಹಾಕಿಕೊಟ್ಟ ಗೆರೆ.

ಉಪಗ್ರಹ ಈ ಗೆರೆಯನ್ನು ಒಂದೇ ನೆಗೆತಕ್ಕೆ ದಾಟಿಬಿಟ್ಟಿತು. 1965ರ ಏಪ್ರಿಲ್‌ನಲ್ಲಿ ಹಾರಿದ 'ಅರ್ಲಿ ಬರ್ಡ್' ಉಪಗ್ರಹ ಖಂಡಗಳ ನಡುವೆ ವಾಣಿಜ್ಯ ದೂರವಾಣಿಗೆ ದಾರಿ ತೆರೆಯಿತು. ಭಾರತಕ್ಕೆ ಈ ಸೌಲಭ್ಯ ಬಂದದ್ದು 1971ರಲ್ಲಿ ಪುಣೆ ಬಳಿಯ ಆರ್ವಿಯಲ್ಲಿ ಭೂಕೇಂದ್ರ ಆರಂಭವಾದಾಗ. 1981ರ ಜೂನ್ 19ರಂದು ಹಾರಿದ 'ಆಪಲ್' ಉಪಗ್ರಹವನ್ನು ಬೆಂಗಳೂರಿನಲ್ಲಿ ಪರೀಕ್ಷೆಗಾಗಿ ಎತ್ತಿನ ಗಾಡಿಯ ಮೇಲೆ ಕೂರಿಸಿದ್ದ ಚಿತ್ರವನ್ನು ನೋಡದವರು ಕಡಿಮೆ. ಇನ್ಸಾಟ್ ಉಪಗ್ರಹಗಳ ಲಗಾಮು ಹಾಸನದ ನಿಯಂತ್ರಣ ಕೇಂದ್ರದ ಕೈಯಲ್ಲಿದೆ. ಈ ಬಗೆಯ ಉಪಗ್ರಹಗಳೆಲ್ಲ ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುತ್ತವೆ. ಮಾತು ಮೇಲೆ ಹೋಗಿ ಕೆಳಗಿಳಿಯಲು 72,000 ಕಿಲೋಮೀಟರ್. ಬೆಳಕಿನ ವೇಗದಲ್ಲಿ ಹೋದರೂ ಸೆಕೆಂಡಿನ ಕಾಲು ಭಾಗ ಬೇಕು. ತಿರುಗಿ ಬರಲು ಇನ್ನೊಂದು ಕಾಲು ಭಾಗ. ಗೋಳಗುಮ್ಮಟದ ಲೆಕ್ಕದಲ್ಲಿ ಹೇಳುವುದಾದರೆ ಎಂಬತ್ತು ಮೀಟರಿಗಿಂತ ಆಚೆ ಇರುವ ಬಂಡೆಯೆದುರು ನಿಂತು ಕೂಗಿದ ಹಾಗೆ. ಮಾತಿನ ಎರಡು ಮೂರು ಅಕ್ಷರಗಳ ಹಿಂದೆ ಅದೇ ಮಾತು ಓಡಿಬರುತ್ತಿದ್ದರೆ ಎಂಥ ಮಾತುಗಾರನ ನಾಲಿಗೆಯೂ ತೊದಲುತ್ತದೆ.

ಇದಕ್ಕೆ ಮೊದಲು ಕಂಡುಕೊಂಡ ಮದ್ದು ಒರಟಾಗಿತ್ತು. 1920ರ ದಶಕದಲ್ಲೇ ಅಮೆರಿಕದ ಉದ್ದನೆಯ ಲೈನುಗಳಲ್ಲಿ ಬಳಕೆಗೆ ಬಂದಿದ್ದ ಪ್ರತಿಧ್ವನಿ ನಿರೋಧಕವನ್ನೇ ಉಪಗ್ರಹದ ದಾರಿಗೂ ಹಾಕಿದರು. ಅದು ಹೊಸಿಲಲ್ಲಿ ಕೂತ ಕಾವಲುಗಾರನಂತೆ. ಈ ಕಡೆಯವರು ಮಾತನಾಡುತ್ತಿದ್ದಾರೆಯೇ? ಹಾಗಾದರೆ ಆ ಕಡೆಯಿಂದ ಬರುವ ದಾರಿಯ ಬಾಗಿಲು ಹಾಕು. ಬಾಗಿಲು ಹಾಕಿದ ಮೇಲೆ ಮಾರ್ದನಿ ಬರುವ ಮಾತೇ ಇಲ್ಲ. ಆದರೆ ಆ ಕಡೆಯವರ ನಿಜವಾದ ಮಾತೂ ಬರುವುದಿಲ್ಲ. ಇಬ್ಬರೂ ಒಟ್ಟಿಗೆ ಬಾಯಿ ತೆರೆದರೆ ಕಾವಲುಗಾರ ಗಲಿಬಿಲಿಗೊಂಡು ಬಾಗಿಲನ್ನು ಪಟಪಟನೆ ಹಾಕಿ ತೆಗೆದು ಮಾಡುತ್ತಾನೆ. ಮಾತು ತುಂಡು ತುಂಡಾಗುತ್ತದೆ.

ಇಂಗ್ಲಿಷಿನವರ ಕಚೇರಿ ಮಾತಿಗೆ ಇದು ನಡೆದೀತು. ಒಬ್ಬರು ಮುಗಿಸಿ ಇನ್ನೊಬ್ಬರು ಆರಂಭಿಸುತ್ತಾರೆ. ತುಂಗಭದ್ರೆಯ ದಡದ ಊರುಗಳಲ್ಲಿ ಯಾರು ಹಾಗೆ ಮಾತನಾಡುತ್ತಾರೆ? ಒಬ್ಬರು ಹೇಳುತ್ತಿರುವಾಗ ಇನ್ನೊಬ್ಬರು ಹೂಂ, ಹೌದಾ, ಅಯ್ಯೋ, ಆಮೇಲೆ ಎನ್ನುತ್ತಿರಲೇಬೇಕು. ಹೂಂಗುಟ್ಟದಿದ್ದರೆ ಕೇಳುತ್ತಿಲ್ಲ ಎಂದೇ ಅರ್ಥ. ನಿರೋಧಕ ಮೊದಲು ನುಂಗಿದ್ದು ಈ ಹೂಂಗಳನ್ನು. ಸಾವಿನ ಸುದ್ದಿ ಹೇಳಲು ಮಾಡಿದ ಫೋನಿನಲ್ಲಿ ಅಣ್ಣ ಈ ಕಡೆ, ತಂಗಿ ಆ ಕಡೆ ಇದ್ದರೆ ಇಬ್ಬರೂ ಒಟ್ಟಿಗೆ ಅತ್ತದ್ದು ಒಬ್ಬರಿಗೊಬ್ಬರಿಗೆ ಕೇಳುತ್ತಿರಲಿಲ್ಲ. ಒಬ್ಬರ ಸರದಿ ಮುಗಿಯಬೇಕಿತ್ತು.

ಬಾಗಿಲು ಹಾಕುವ ಬದಲು ಬೇರೇನಾದರೂ ಮಾಡಬಹುದೇ ಎಂದು 1960ರ ದಶಕದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಯೋಚಿಸಿದವರು ಜಾನ್ ಕೆಲ್ಲಿ ಮತ್ತು ಬೆನ್ ಲೋಗನ್. ಅವರ ಹೊಳಹು ಸರಳ. ತಿರುಗಿ ಬರುವ ಮಾತು ಅಪರಿಚಿತವಲ್ಲ. ಈಗತಾನೇ ಈ ದಾರಿಯಲ್ಲಿ ಹೋದ ಮಾತೇ. ಅದು ಎಷ್ಟು ಸಣ್ಣಗಾಗಿ, ಎಷ್ಟು ತಡವಾಗಿ, ಎಷ್ಟು ವಿರೂಪಗೊಂಡು ಬರುತ್ತದೆ ಎಂಬುದು ಗೊತ್ತಾದರೆ ಅದರ ಪ್ರತಿಯೊಂದನ್ನು ತಾವೇ ತಯಾರಿಸಿ, ಬರುವ ಸಂಕೇತದಿಂದ ಕಳೆಯಬಹುದು. ಕಳೆದ ಮೇಲೆ ಉಳಿಯುವುದು ಎದುರಿನವರ ಮಾತು ಮಾತ್ರ. ಕೆಲ್ಲಿ 1965ರಲ್ಲಿ ನಲವತ್ತೊಂದರ ವಯಸ್ಸಿನಲ್ಲೇ ತೀರಿಕೊಂಡರು. ಇಬ್ಬರ ಹೆಸರಿನ ಪೇಟೆಂಟು ಮಂಜೂರಾದದ್ದು 1970ರ ಮಾರ್ಚಿಯಲ್ಲಿ. ಅಮೆರಿಕದ ಪೇಟೆಂಟುಗಳ ಸಾಲಿನಲ್ಲಿ ಅದರ ಕ್ರಮಸಂಖ್ಯೆ ಸರಿಯಾಗಿ ಮೂವತ್ತೈದು ಲಕ್ಷ!

ಇವರ ಜೊತೆ ನೆನೆಯಬೇಕಾದ ಇನ್ನೊಂದು ಹೆಸರು ಮನಮೋಹನ್ ಸೋಂಧಿ. ಈ ಉಪಕರಣದ ಗಣಿತವನ್ನು ವಿವರಿಸಿ 1967ರಲ್ಲಿ ಬೆಲ್ ಸಂಸ್ಥೆಯ ತಾಂತ್ರಿಕ ಪತ್ರಿಕೆಯಲ್ಲಿ ಅವರು ಬರೆದ ಪ್ರಬಂಧವನ್ನು ಇಂದಿಗೂ ಈ ಕ್ಷೇತ್ರದವರು ಮೊದಲ ಪಾಠವೆಂದು ಓದುತ್ತಾರೆ. ಸೋಂಧಿ ದೆಹಲಿ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಬಿ.ಎಸ್ಸಿ. ಮುಗಿಸಿ, ಸಂಪರ್ಕ ಎಂಜಿನಿಯರಿಂಗ್ ಓದಲು ಬಂದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ. 1953ರಲ್ಲಿ ಅಲ್ಲಿಂದ ಡಿಪ್ಲೊಮಾ ಪಡೆದು, ಆಮೇಲೆ ವಿಸ್ಕಾನ್ಸಿನ್‌ನಲ್ಲಿ ಡಾಕ್ಟರೇಟ್ ಮಾಡಿ, 1962ರಲ್ಲಿ ಬೆಲ್ ಪ್ರಯೋಗಾಲಯ ಸೇರಿದರು. ಬರೀ ಬಿ.ಎಸ್ಸಿ. ಮಾಡಿ ಏನು ಮಾಡುತ್ತಾನೆ ಎಂದು ಮಗನ ಎದುರೇ ಕೊರಗುವ ತಂದೆತಾಯಿಗಳು ಈ ಸಾಲನ್ನು ಇನ್ನೊಮ್ಮೆ ಓದಬಹುದು.

ಪ್ರತಿಧ್ವನಿ ನಿವಾರಕ ಹೇಗೆ ಕಲಿಯುತ್ತದೆ ಎಂಬುದನ್ನು ಎಂಟನೇ ತರಗತಿಯ ಲೆಕ್ಕದಲ್ಲೇ ತಿಳಿಯಬಹುದು. ಮಗನ ದನಿಯ ಬಲ 100 ಎಂದಿಟ್ಟುಕೊಳ್ಳಿ. ಊರಿನ ಹೈಬ್ರಿಡ್ಡಿನಿಂದ ಸೋರಿ ತಿರುಗಿ ಬರುವುದು 30. ಯಂತ್ರಕ್ಕೆ ಈ 30 ಗೊತ್ತಿಲ್ಲ. ಮೊದಲು ಸೊನ್ನೆ ಎಂದು ಊಹಿಸುತ್ತದೆ. ಬಂದದ್ದು 30, ಊಹೆ 0, ತಪ್ಪು 30. ಸರಿ, ತಪ್ಪಿನ ಅರ್ಧದಷ್ಟು ತಿದ್ದಿಕೊಳ್ಳೋಣ ಎಂದು ಊಹೆಯನ್ನು 15 ಮಾಡಿಕೊಳ್ಳುತ್ತದೆ. ಮುಂದಿನ ಸಲ ತಪ್ಪು 15, ಊಹೆ 22.5 ಆಗುತ್ತದೆ. ಅದರ ಮುಂದೆ 26.25. ಹೀಗೆ ತಪ್ಪು ಕರಗುತ್ತಾ ಹೋಗುತ್ತದೆ. ಯಾರೂ ಉತ್ತರ ಹೇಳಿಕೊಡುವುದಿಲ್ಲ. ಎಷ್ಟು ತಪ್ಪಿತು ಎಂಬುದೊಂದೇ ಅದಕ್ಕೆ ಸಿಗುವ ಪಾಠ. 1960ರಲ್ಲಿ ವಿಡ್ರೋ ಮತ್ತು ಹಾಫ್ ಎಂಬಿಬ್ಬರು ಪ್ರಕಟಿಸಿದ ಕಲಿಕೆಯ ಸೂತ್ರ ಈ ಜಾತಿಯದೇ. ಇಂದು ಕೃತಕ ಬುದ್ಧಿಮತ್ತೆ ಎಂದು ಪೇಪರಿನಲ್ಲಿ ದಿನಾ ಓದುವ ವಿದ್ಯೆಗೂ ಈ ಸೂತ್ರ ಹತ್ತಿರದ ನೆಂಟ.

ನಿಜವಾದ ಲೈನಿನಲ್ಲಿ ಒಂದು ಸಂಖ್ಯೆ ಕಲಿತರೆ ಸಾಲದು. ಡಿಜಿಟಲ್ ಎಕ್ಸ್‌ಚೇಂಜು ದನಿಯನ್ನು ಸೆಕೆಂಡಿಗೆ 8,000 ಸಲ ಅಳೆಯುತ್ತದೆ. ಸೋರಿದ ಮಾತು ಒಂದೇ ಏಟಿಗೆ ಬರದೆ ಮಳೆ ನಿಂತ ಮೇಲೆ ಹೆಂಚಿನಿಂದ ಹನಿ ಉದುರುವಂತೆ ಕೆಲವು ಮಿಲಿಸೆಕೆಂಡು ಉದುರುತ್ತಿರುತ್ತದೆ. ಈ ಬಾಲ 16 ಮಿಲಿಸೆಕೆಂಡು ಉದ್ದವಿದ್ದರೆ 128 ಅಳತೆಗಳಾದವು. 128 ಊಹೆಗಳನ್ನು ಏಕಕಾಲಕ್ಕೆ ತಿದ್ದಬೇಕು. ಪ್ರತಿಯನ್ನು ತಯಾರಿಸಲು 128 ಗುಣಾಕಾರ, ಊಹೆ ತಿದ್ದಲು ಇನ್ನೊಂದು 128. ಸೆಕೆಂಡಿಗೆ 8,000 ಸಲ ಎಂದರೆ ಒಂದೊಂದು ಲೈನಿಗೂ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಗುಣಾಕಾರ. 1960ರ ದಶಕದ ಬಿಡಿಭಾಗಗಳಲ್ಲಿ ಇದನ್ನು ಕಟ್ಟಿದರೆ ಬೆಲೆ ಕೈಗೆಟುಕುವಂತಿರಲಿಲ್ಲ. ಆದ್ದರಿಂದ ಸೋಂಧಿಯವರ ಪ್ರಬಂಧ ಹೊರಬಂದು ಹತ್ತು ವರ್ಷ ಕಳೆದರೂ ಜನ ಅದೇ ಕಾವಲುಗಾರನ ಕೈಯಲ್ಲಿ ಸಿಕ್ಕಿದ್ದರು. 1980ರಲ್ಲಿ ಬೆಲ್ ಪ್ರಯೋಗಾಲಯದ ಡೊನಾಲ್ಡ್ ಡಟ್‌ವೀಲರ್ ಮತ್ತು ಸಂಗಡಿಗರು ಇಡೀ ನಿವಾರಕವನ್ನು ಒಂದೇ ಚಿಪ್ಪಿನೊಳಗೆ ಕೂರಿಸಿದರು. ಆಮೇಲೆ ದಾರಿ ಸಲೀಸಾಯಿತು.

ಆದರೆ ಈ ಕಲಿಕೆಗೆ ಒಂದು ದೊಡ್ಡ ಅಪಾಯವಿದೆ. ಮೇಲಿನ ಲೆಕ್ಕದಲ್ಲಿ ಯಂತ್ರ ಕಲಿಯುತ್ತಿರುವಾಗಲೇ ತಾಯಿಯೂ ಮಾತನಾಡಿದಳು ಎನ್ನಿ. ಅವಳ ದನಿಯ ಬಲ 50. ತಿರುಗಿ ಬಂದದ್ದು ಈಗ ಮಾರ್ದನಿಯ 30 ಮತ್ತು ಅವಳ 50 ಸೇರಿ 80. ಯಂತ್ರಕ್ಕೆ ಇದರಲ್ಲಿ ಯಾವುದು ಯಾರದು ಎಂಬ ವಿವೇಕವಿಲ್ಲ. ಎಲ್ಲವೂ ತನ್ನ ತಪ್ಪೇ ಎಂದು ಬಗೆದು ಊಹೆಯನ್ನು 80ರ ಕಡೆಗೆ ಎಳೆಯತೊಡಗುತ್ತದೆ. ಕಲಿತದ್ದೆಲ್ಲ ಹಾಳು. ಹೀಗೆ ಇಬ್ಬರೂ ಒಟ್ಟಿಗೆ ಮಾತನಾಡುವ ಗಳಿಗೆಯನ್ನು ಪತ್ತೆ ಹಚ್ಚಲು ಬೆಲ್ ಪ್ರಯೋಗಾಲಯದಲ್ಲೇ ಒಂದು ಹಳ್ಳಿ ಜಾಣತನದ ಉಪಾಯ ಹುಟ್ಟಿತು. ಕಂಡುಹಿಡಿದ ಗೀಗಲ್ ಅವರ ಹೆಸರೇ ಅದಕ್ಕೆ ನಿಂತಿದೆ. ಹೈಬ್ರಿಡ್ ಎಷ್ಟೇ ಸೋರಿದರೂ ಹೋದ ದನಿಯ ಅರ್ಧಕ್ಕಿಂತ ಹೆಚ್ಚು ತಿರುಗಿ ಬರುವುದಿಲ್ಲ. ಹೋದದ್ದು 100, ಬಂದದ್ದು 50ಕ್ಕಿಂತ ಹೆಚ್ಚು ಎಂದಾದರೆ ಅದರಲ್ಲಿ ಬೇರೆ ಯಾರದೋ ದನಿ ಇದೆ. ತಕ್ಷಣ ತಿದ್ದುವುದನ್ನು ನಿಲ್ಲಿಸಬೇಕು. ಆದರೆ ಇದುವರೆಗೆ ಕಲಿತ 30ನ್ನು ಕಳೆಯುತ್ತಲೇ ಇರಬೇಕು. ಎಂಬತ್ತರಲ್ಲಿ ಮೂವತ್ತು ಹೋದರೆ ಐವತ್ತು: ತಾಯಿಯ ದನಿ, ಪೂರ್ತಿಯಾಗಿ. ಹೂಂ, ಅಯ್ಯೋಗಳೆಲ್ಲ ವಾಪಸು ಬಂದವು.

ಮಾರ್ದನಿ ಹೋಯಿತೇ ಹೊರತು ಉಪಗ್ರಹದ ತಡ ಹೋಗಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. "ಊಟ ಆತಾ?" ಎಂದು ತಾಯಿ ಕೇಳಿದರೆ "ಆತವ್ವ" ಎಂಬ ಉತ್ತರ ಬರಲು ಅರ್ಧ ಸೆಕೆಂಡು ಹೆಚ್ಚು ಬೇಕು. ಎದುರು ಕೂತು ಮಾತನಾಡುವಾಗ ಇಂಥ ಪ್ರಶ್ನೆಗೆ ಅರ್ಧ ಸೆಕೆಂಡು ಯೋಚಿಸುವವನು ಸುಳ್ಳು ಹೇಳುತ್ತಿರುತ್ತಾನೆ. "ಉಂಡಿಲ್ಲ ಅನ್ಸುತ್ತೆ, ನಂಗೆ ಹೇಳ್ತಿಲ್ಲ" ಎಂದು ಮರುದಿನವೆಲ್ಲ ಕೊರಗಿದ ತಾಯಂದಿರಿಗೆ ಬೆಳಕಿನ ವೇಗವನ್ನು ಹೇಗೆ ವಿವರಿಸುವುದು? 1990ರ ದಶಕದಲ್ಲಿ ಸಮುದ್ರದಡಿಯ ಗಾಜಿನ ಎಳೆಯ ಕೇಬಲ್‌ಗಳು ಭಾರತದ ದಡಕ್ಕೆ ಬಂದ ಮೇಲೆ ಈ ತಡವೂ ಅರ್ಧಕ್ಕರ್ಧ ಇಳಿಯಿತು.

ಅದೇ ವರ್ಷಗಳಲ್ಲಿ ಜನ ಇನ್ನೊಬ್ಬರೊಡನೆ ಫೋನಿನಲ್ಲಿ ಮಾತನಾಡತೊಡಗಿದರು. ಆ ಇನ್ನೊಬ್ಬರು ಮನುಷ್ಯರಲ್ಲ. ಕಂಪ್ಯೂಟರಿನೊಳಗೆ ಒಂದು ಬೋರ್ಡು. ನಾಲ್ಕು ಲೈನಿನದಿಂದ ಹಿಡಿದು ಮೂವತ್ತು ಲೈನಿನವರೆಗೆ ಒಂದೊಂದು ಬೋರ್ಡು ನಿಭಾಯಿಸುತ್ತದೆ. ಫೋನು ಎತ್ತಿಕೊಳ್ಳುತ್ತದೆ, ಮೊದಲೇ ಮುದ್ರಿಸಿದ ದನಿಯಲ್ಲಿ ಸ್ವಾಗತ ಹೇಳುತ್ತದೆ, ನಿಮ್ಮ ನೋಂದಣಿ ಸಂಖ್ಯೆ ಒತ್ತಿರಿ ಎನ್ನುತ್ತದೆ. ರೈಲು ವಿಚಾರಣೆ, ಬ್ಯಾಂಕಿನ ಬಾಕಿ, ಪರೀಕ್ಷೆಯ ಫಲಿತಾಂಶ ಎಲ್ಲಕ್ಕೂ ಇಂಥ ಬೋರ್ಡುಗಳು ಬಂದವು. ಇವುಗಳ ಕೈಪಿಡಿಯಲ್ಲಿ ಪ್ರತಿಧ್ವನಿ ನಿವಾರಣೆಯ ವಿಧಾನಗಳು ಎಂದೇ ಒಂದು ಅಧ್ಯಾಯವಿರುತ್ತದೆ. ಮನುಷ್ಯನಿಗೆ ಮಾರ್ದನಿ ಕಿರಿಕಿರಿಯಾದರೆ ಯಂತ್ರಕ್ಕೆ ಅದು ಕಿವುಡು. ಹೇಗೆಂದು ನೋಡಿ.

ಫೋನಿನ ಗುಂಡಿ ಒತ್ತಿದಾಗ ಎರಡು ಸ್ವರಗಳು ಒಟ್ಟಿಗೆ ನುಡಿಯುತ್ತವೆ. ಏಳನ್ನು ಒತ್ತಿದರೆ 852 ಮತ್ತು 1209 ಹರ್ಟ್ಸ್. ಐದನ್ನು ಒತ್ತಿದರೆ 770 ಮತ್ತು 1336. ಈ ಜೋಡಿಯನ್ನು ಗುರುತಿಸಿ ಯಂತ್ರ ಅಂಕಿಯನ್ನು ತಿಳಿಯುತ್ತದೆ. ಫಲಿತಾಂಶದ ದಿನ ಊರಿನ ಎಸ್.ಟಿ.ಡಿ. ಬೂತಿನಿಂದ ಹುಡುಗಿಯೊಬ್ಬಳು ಫೋನು ಮಾಡುತ್ತಾಳೆ. ಸ್ವಾಗತದ ಮಾತೆಲ್ಲ ಮುಗಿಯುವಷ್ಟು ತಾಳ್ಮೆ ಅವತ್ತು ಯಾರಿಗಿರುತ್ತದೆ? ಯಂತ್ರ ಮಾತನಾಡುತ್ತಿರುವಾಗಲೇ ಟಪಟಪನೆ ಸಂಖ್ಯೆ ಒತ್ತುತ್ತಾಳೆ. ದೂರದ ತಂತಿಯಲ್ಲಿ ಸೊರಗಿ ಬಂದ ಆ ಸ್ವರಗಳ ಮೇಲೆ ಯಂತ್ರದ ಸ್ವಂತ ಮಾತಿನ ಮಾರ್ದನಿ ಕವಿಯುತ್ತದೆ. ಏಳು ಅಂಕಿಯಲ್ಲಿ ಒಂದು ಅದಕ್ಕೆ ಕೇಳುವುದೇ ಇಲ್ಲ. ಈ ಸಂಖ್ಯೆ ಇಲ್ಲ ಎಂದು ಇಂಪಾದ ದನಿಯಲ್ಲಿ ಹೇಳಿ ಫೋನು ಇಡುತ್ತದೆ. ಸಂಖ್ಯೆ ಇಲ್ಲ ಎಂದರೆ ಫೇಲು ಎಂದೇ ತಿಳಿದು ಬೂತಿನಿಂದ ಮನೆಯವರೆಗೆ ಅಳುತ್ತಾ ಹೋಗುವ ಹುಡುಗಿಗೆ ಹೈಬ್ರಿಡ್ ತಕ್ಕಡಿ ವಾಲಿದ ಸುದ್ದಿ ಯಾರು ಹೇಳಬೇಕು? ಬೋರ್ಡಿನಲ್ಲಿ ನಿವಾರಕ ಚಾಲೂ ಇದ್ದರೆ ಯಂತ್ರ ತನ್ನ ಮಾತಿನ ಮಾರ್ದನಿಯನ್ನು ಕಳೆದು, ನಡುವೆ ಬಾಯಿ ಹಾಕಿದವರ ಅಂಕಿಯನ್ನೂ ಸರಿಯಾಗಿ ಕೇಳಿಸಿಕೊಳ್ಳಬಲ್ಲದು.

ಚಾಲೂ ಮಾಡಿದರೆ ಮುಗಿಯಿತೇ ಎಂದರೆ ಇಲ್ಲ. ಬಾಲ ಎಷ್ಟು ಉದ್ದ ಎಂದು ಹೇಳಬೇಕು. ಗಿಡ್ಡ ಬಾಲಕ್ಕೆ ಲೆಕ್ಕ ಕಡಿಮೆ, ಬೇಗ ಕಲಿಯುತ್ತದೆ, ಆದರೆ ದೂರದಿಂದ ಬರುವ ಮಾರ್ದನಿ ಅದರ ಕೈಗೆ ಸಿಗುವುದಿಲ್ಲ. ಉದ್ದ ಬಾಲ ದೂರದ್ದನ್ನೂ ಹಿಡಿಯುತ್ತದೆ, ಆದರೆ ಬೋರ್ಡಿನ ಶಕ್ತಿಯನ್ನು ತಿನ್ನುತ್ತದೆ. ಆಗ ಅದೇ ಬೋರ್ಡು ಕಡಿಮೆ ಲೈನುಗಳನ್ನು ನಿಭಾಯಿಸುವಂತಾಗಬಹುದು. ಫ್ಯಾಕ್ಸ್, ಮೋಡೆಮ್‌ಗಳ ಪಾಡು ಬೇರೆ. ಅವುಗಳಲ್ಲಿ ಕೆಲವು ತಮ್ಮ ಮಾರ್ದನಿಯನ್ನು ತಾವೇ ನೋಡಿಕೊಳ್ಳುತ್ತವೆ. ನಡುವೆ ಇನ್ನೊಬ್ಬರು ಕೈಹಾಕಿದರೆ ಕೆಲಸ ಕೆಡುತ್ತದೆ. ಅದಕ್ಕೆ ಆರಂಭದಲ್ಲೇ 2100 ಹರ್ಟ್ಸ್‌ನ ಒಂದು ಕೂಗು ಹಾಕುತ್ತವೆ, ಸುಮಾರು 450 ಮಿಲಿಸೆಕೆಂಡಿಗೊಮ್ಮೆ ಅಲೆಯನ್ನು ತಲೆಕೆಳಗು ಮಾಡುತ್ತಾ. ಈ ಗುಪ್ತ ಸನ್ನೆ ಕೇಳಿದ ನಿವಾರಕಗಳೆಲ್ಲ ಆ ಕರೆ ಮುಗಿಯುವವರೆಗೆ ತೆಪ್ಪಗಿರುತ್ತವೆ.

ಕಷ್ಟದ ತೀರ್ಮಾನ ಇನ್ನೊಂದಿದೆ. ಎಷ್ಟೇ ಕಲಿತರೂ ಕಳೆದ ಮೇಲೆ ಒಂದಿಷ್ಟು ಚೂರು ಮಾರ್ದನಿ ಉಳಿಯುತ್ತದೆ. ಅದನ್ನು ಗುಡಿಸಲು ಕಡೆಯಲ್ಲಿ ಒಂದು ಕಸಬರಿಗೆ ಇಟ್ಟಿರುತ್ತಾರೆ: ಇಂತಿಷ್ಟು ಬಲಕ್ಕಿಂತ ಕಡಿಮೆಯದ್ದೆಲ್ಲ ಹೊರಕ್ಕೆ. ಮನುಷ್ಯರ ಕಿವಿಗೆ ಇದು ಹಿತ. ಆದರೆ ಪೂರ್ತಿ ಗುಡಿಸಿದರೆ ಲೈನಿನ ಸಣ್ಣ ಗುಂಯ್‌ಗುಟ್ಟುವಿಕೆಯೂ ಹೋಗಿ ಸ್ಮಶಾನ ಮೌನ ಕವಿಯುತ್ತದೆ. ಜನ ಹಲೋ, ಹಲೋ, ಕಟ್ಟಾಯ್ತಾ ಎನ್ನತೊಡಗುತ್ತಾರೆ. ಆದ್ದರಿಂದ ಗದ್ದಲವನ್ನು ಗುಡಿಸಿದ ಮೇಲೆ ಸಮಾಧಾನಕ್ಕೆಂದು ಚೂರು ಕೃತಕ ಗದ್ದಲವನ್ನು ಯಂತ್ರವೇ ಚಿಮುಕಿಸುತ್ತದೆ! ಕೇಳುವುದು ಮನುಷ್ಯನಲ್ಲ, ಮಾತನ್ನು ಗುರುತಿಸುವ ಕಂಪ್ಯೂಟರು ಎಂದಾದರೆ ಲೆಕ್ಕ ತಿರುವುಮುರುವು. ಕಸಬರಿಗೆ ಮೆಲುದನಿಯ ಅಕ್ಷರಗಳನ್ನೂ ಗುಡಿಸಿಬಿಡುತ್ತದೆ. ಹೌದು ಎಂದವರ ಹಕಾರ ಮೊದಲು ಹೋಗುತ್ತದೆ. ಹಕಾರವನ್ನು ಮೊದಲೇ ನುಂಗಿ ಮಾತನಾಡುವವರ ವಿಷಯ ಬೇರೆ. ಅದಕ್ಕೇ ಕಂಪ್ಯೂಟರಿಗೆ ಕೇಳಿಸುವ ಲೈನಿನಲ್ಲಿ ಕಸಬರಿಗೆ ಬೇಡ, ಚೂರು ಮಾರ್ದನಿ ಇದ್ದರೂ ಸರಿ, ಮಾತು ಇಡಿಯಾಗಿರಲಿ ಎನ್ನುವ ವಿಧಾನವನ್ನು ಆರಿಸುತ್ತಾರೆ. ಮೆಲ್ಲಗೆ, ಅಂಜುತ್ತಾ ಮಾತನಾಡುವವರ ದನಿ ಉಳಿಯುತ್ತದೋ ಇಲ್ಲವೋ ಎಂಬುದು ಎಲ್ಲೋ ಕೂತ ಎಂಜಿನಿಯರು ಆರಿಸಿದ ಒಂದು ಅಂಕಿಯ ಮೇಲೆ ನಿಂತಿರುತ್ತದೆ.

ಮೊಬೈಲಿನಲ್ಲಿ ಎರಡು ತಂತಿಯೂ ಇಲ್ಲ, ಹೈಬ್ರಿಡ್ಡೂ ಇಲ್ಲ. ಆದರೂ ಮಾರ್ದನಿ ಬಿಟ್ಟಿಲ್ಲ. ಸ್ಪೀಕರಿನಿಂದ ಹೊರಟ ದನಿ ಗೋಡೆ, ಮೇಜು, ಬೀರುಗಳಿಗೆ ಬಡಿದು ಅದೇ ಫೋನಿನ ಮೈಕಿಗೆ ಬೀಳುತ್ತದೆ. ಪಠ್ಯಪುಸ್ತಕದ ಮಾರ್ದನಿಗೆ ಇದು ಹತ್ತಿರ. ಕೋಣೆಯಲ್ಲಿ ದನಿಯ ಬಾಲ ತಂತಿಯ ಬಾಲಕ್ಕಿಂತ ಎಷ್ಟೋ ಪಟ್ಟು ಉದ್ದ. ಅದೂ ಅಲ್ಲದೆ ಯಾರಾದರೂ ಎದ್ದು ಓಡಾಡಿದರೆ, ಬಾಗಿಲು ತೆರೆದರೆ ದಾರಿಯೇ ಬದಲಾಗುತ್ತದೆ. ಯಂತ್ರ ಹೊಸದಾಗಿ ಕಲಿಯಬೇಕು. ಇಷ್ಟನ್ನೂ ಇಂದಿನ ಫೋನು ಸದ್ದಿಲ್ಲದೆ ಮಾಡುತ್ತದೆ.

ಅದಕ್ಕೂ ಸೋಲಿದೆ ಎಂಬುದು 2020ರಲ್ಲಿ ಶಾಲೆಗಳು ಮುಚ್ಚಿ ಪಾಠವೆಲ್ಲ ಫೋನಿಗೆ ಬಂದಾಗ ಮನೆಮನೆಗೂ ಗೊತ್ತಾಯಿತು. ಒಂದೇ ತರಗತಿಯಲ್ಲಿ ಓದುವ ಅಕ್ಕಪಕ್ಕದ ಮನೆಯ ಇಬ್ಬರು ಹುಡುಗಿಯರು ಸಿಗ್ನಲ್ ಚೆನ್ನಾಗಿರುವ ಒಂದೇ ಪಡಸಾಲೆಯಲ್ಲಿ ಎರಡು ಫೋನು ಹಿಡಿದು ಕೂರುತ್ತಿದ್ದರು. ಮೇಷ್ಟ್ರು ಹೆಸರು ಕರೆದ ಕೂಡಲೇ ಕಿರ್ರೆಂಬ ಕೂಗು. ಬೈಸಿಕೊಂಡದ್ದು ಹುಡುಗಿಯರು. ನಿವಾರಕ ತಾನು ಹೊರಬಿಟ್ಟ ದನಿಯನ್ನು ಮಾತ್ರ ಕಳೆಯಬಲ್ಲದು. ಪಕ್ಕದ ಫೋನು ತನಗೇ ಬಂದ ತಡದಲ್ಲಿ ನುಡಿಸಿದ ಮೇಷ್ಟ್ರ ದನಿ ಅದರ ಲೆಕ್ಕದಲ್ಲಿ ಹುಡುಗಿಯ ಮಾತೇ. ಅದನ್ನು ಗೌರವದಿಂದ ಮೇಷ್ಟ್ರಿಗೆ ವಾಪಸು ಕಳಿಸುತ್ತದೆ. ಅದು ಮತ್ತೆ ಎರಡೂ ಫೋನಿನಲ್ಲಿ ನುಡಿಯುತ್ತದೆ, ಸುತ್ತು ಮುಗಿಯುವುದೇ ಇಲ್ಲ. ಫೋನು ಕೆಟ್ಟಿಲ್ಲ, ಮಕ್ಕಳು ಕೀಟಲೆ ಮಾಡಿಲ್ಲ. ಒಬ್ಬಳು ಫೋನಿನ ಸ್ಪೀಕರನ್ನೂ ಮೈಕನ್ನೂ ಮುಚ್ಚಿ ಇನ್ನೊಬ್ಬಳ ಫೋನಿನಲ್ಲೇ ಪಾಠ ಕೇಳಬೇಕು, ಇಲ್ಲವೇ ಎದ್ದು ಹಿತ್ತಿಲ ಕಟ್ಟೆಗೆ ಹೋಗಬೇಕು.